ಕಥೆಯ ಕೊನೆ ಮೊದಲೇ ತಿಳಿದರೆ



ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಮನೆಯಲ್ಲಿ ನಡೆದ ಪ್ರಸಂಗವೊಂದನ್ನು ಹೇಳಿ ಈ ತಿಂಗಳ ಮಾತನ್ನು ಆರಂಭಿಸುತ್ತೇವೆ. ಪ್ರಸಂಗ ಬಹು ಸಣ್ಣದು. ಆದರೆ ಅದು ನಮ್ಮನ್ನು ಹಲವು ದಿನಗಳ ಕಾಲ ವಿಚಾರಕ್ಕೆ ಹಚ್ಚಿತು. ಇಂಥದೊಂದು ಪ್ರಸಂಗ ತಮ್ಮ ಮನೆಯಲ್ಲಿಯೂ ನಡೆದಿರಬಹುದೆಂದು ನಂಬಿ ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ತಾಯಿಯವರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ನಾಲ್ಕು ವರ್ಷಗಳ ಹಿಂದೆ ತಂದೆಯವರು ಲಿಂಗೈಕ್ಯರಾದ ಬಳಿಕ ಅವರ ದಿನಚರಿ ಬಹಳ ಕಿರಿದಾಯಿತು. ಬೆಳಗಿನ ಸ್ನಾನ, ಪೂಜೆ, ಪ್ರಸಾದ, ಮಧ್ಯಾಹ್ನದ ವಿಶ್ರಾಂತಿ, ಸಂಜೆಯ ದೀಪ. ಇವೆಲ್ಲ ಮುಗಿದ ಮೇಲೆ ಏಳೂವರೆಗೆ ಸರಿಯಾಗಿ ಕನ್ನಡಕ ಒರೆಸಿಕೊಂಡು ಟಿ.ವಿ.ಯ ಮುಂದೆ ಕುರ್ಚಿಯಲ್ಲಿ ಕೂಡುವರು. ಆ ಹೊತ್ತಿಗೆ ಪ್ರಸಾರವಾಗುವ ಒಂದು ಧಾರಾವಾಹಿಯೆಂದರೆ ಅವರಿಗೆ ಎಲ್ಲಿಲ್ಲದ ಆಸಕ್ತಿ. ಅದರ ಹೆಸರು ಇಲ್ಲಿ ಬೇಡ. ಅದರಲ್ಲಿ ನಿವೃತ್ತರಾದ ಒಬ್ಬ ಮಾಸ್ತರರ ಪಾತ್ರವಿತ್ತು. ಆ ಮಾಸ್ತರರಿಗೆ ಕಾಯಿಲೆ ಹತ್ತಿ ಎರಡು ವಾರಗಳಾಗಿದ್ದವು. ಅವರು ಉಳಿಯುವರೋ ಇಲ್ಲವೋ ಎಂಬುದು ನಮ್ಮ ತಾಯಿಯವರಿಗೆ ಅರ್ಧ ಗಂಟೆಯ ಚಿಂತೆಯಾಗಿರಲಿಲ್ಲ. ಮರುದಿನ ಬೆಳಗ್ಗೆ ಹೂವಿನವಳ ಸಂಗಡ ಅದೇ ಮಾತು, ಹನ್ನೊಂದಕ್ಕೆ ನೆರೆಮನೆಯ ಕಟ್ಟೆಯ ಮೇಲೆ ಅದೇ ಮಾತು, ಮಧ್ಯಾಹ್ನ ಸೊಸೆಯ ಸಂಗಡ ಕಾಯಿಪಲ್ಲೆ ಸೋಸುವಾಗಲೂ ಅದೇ ಮಾತು.

ಆ ಸಂಜೆ, ಧಾರಾವಾಹಿ ಇನ್ನೇನು ಆರಂಭವಾಗಬೇಕು ಎನ್ನುವಾಗ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗ ಒಳಗೆ ಬಂದವನೇ, "ಆಯಿ, ಆ ಮಾಸ್ತರ ನಾಳೆ ಸಾಯ್ತಾನ. ನಾ ಮೊಬೈಲ್‌ನ್ಯಾಗ ಆಗ್ಲೇ ನೋಡೀನಿ" ಎಂದುಬಿಟ್ಟ. ಹಣ ಕಟ್ಟಿದವರಿಗೆ ಟಿ.ವಿ.ಗಿಂತ ಮುಂಚೆಯೇ ಮರುದಿನದ ಸಂಚಿಕೆಯನ್ನು ಮೊಬೈಲಿನಲ್ಲಿ ತೋರಿಸುವ ಏರ್ಪಾಡು ಈಗ ಇದೆಯಷ್ಟೆ. ಹುಡುಗನ ಮನಸ್ಸಿನಲ್ಲಿ ಕೆಟ್ಟ ಭಾವನೆ ಏನೂ ಇರಲಿಲ್ಲ. ತನಗೆ ಗೊತ್ತಿದ್ದುದನ್ನು ಹೇಳುವ ಉತ್ಸಾಹ, ಅಷ್ಟೆ. ತಾಯಿಯವರು ಒಂದು ಕ್ಷಣ ಸುಮ್ಮನಿದ್ದರು. ಬಳಿಕ, "ನಾ ಕೇಳಿದ್ನೇನೋ ತಮ್ಮಾ?" ಎಂದು ಇಷ್ಟೇ ನುಡಿದು, ಕನ್ನಡಕ ತೆಗೆದು, ಎದ್ದು ಒಳಗೆ ಹೋದರು. ನೋಡುವವರಿಲ್ಲದ ಕೋಣೆಯಲ್ಲಿ ಧಾರಾವಾಹಿ ತನ್ನಷ್ಟಕ್ಕೆ ತಾನು ನಡೆಯಿತು.

ನಾವು ಮಗನನ್ನು ಗದರಿಸಿದೆವು. ಆದರೆ ಅವನು ಕೇಳಿದ ಮರುಪ್ರಶ್ನೆಗೆ ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. "ಅಪ್ಪಾ, ಆಯಿ ಪ್ರತಿ ಶ್ರಾವಣದಾಗ ಮಠಕ್ಕ ಹೋಗಿ ಪುರಾಣ ಕೇಳ್ತಾಳ. ಕಡೀಗೆ ಏನಾಗತೈತಿ ಅಂತ ಆಕಿಗೆ ಗೊತ್ತಿಲ್ಲೇನು? ಆದ್ರೂ ಕಣ್ಣಾಗ ನೀರು ತರ್ತಾಳ. ಅಲ್ಲಿ ಕಥಿ ಮೊದಲ ಗೊತ್ತಿದ್ರ ನಡೀತೈತಿ, ಇಲ್ಲಿ ಯಾಕ ನಡೆಯಂಗಿಲ್ಲ?"

ಪ್ರಶ್ನೆ ಯೋಗ್ಯವಾದುದೇ. ಕಥೆಯ ಕೊನೆ ಮೊದಲೇ ತಿಳಿದರೆ ನೋಡುವವರ ಅನುಭವದಲ್ಲಿ ಏನು ಕೆಡುತ್ತದೆ, ಏನು ಉಳಿಯುತ್ತದೆ, ಎಂಬುದನ್ನು ಈ ಬಾರಿ ಓದುಗರೊಡನೆ ಕುಳಿತು ವಿಚಾರಿಸೋಣವೆಂದು ಬಗೆದಿದ್ದೇವೆ.

ನೋಡದವರಿಗೆ ಕಥೆಯ ಗುಟ್ಟನ್ನು ಮೊದಲೇ ಒಡೆದು ಹೇಳುವ ಮಾತಿಗೆ ಇಂದಿನ ತರುಣರು 'ಸ್ಪಾಯ್ಲರ್' ಎಂದು ಹೆಸರಿಟ್ಟಿದ್ದಾರೆ. ಕೆಡಿಸುವಂಥದು ಎಂದು ಅದರ ಅರ್ಥ. ಗುಟ್ಟು ಒಡೆಯುವ ಚಟ ಹೊಸದಲ್ಲ. ಆದರೆ ಅದು ಇಷ್ಟು ದೊಡ್ಡ ತಪ್ಪೆನಿಸಿದ್ದು ಹೊಸದು. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಒಂದೇ ವಾಹಿನಿಯ ಕಾಲವನ್ನು ನೆನೆಯಬೇಕು.

ಆಗ ದೂರದರ್ಶನದ ಧಾರಾವಾಹಿಯೊಂದು ವಾರಕ್ಕೊಮ್ಮೆ ಬಂದರೆ ನಾಡೆಲ್ಲವೂ ಅದನ್ನು ಒಂದೇ ಗಳಿಗೆಯಲ್ಲಿ ನೋಡುತ್ತಿತ್ತು. ಸದಾನಂದ ಸುವರ್ಣರ 'ಗುಡ್ಡದ ಭೂತ' ಪ್ರಸಾರವಾಗುತ್ತಿದ್ದಾಗ ಆ ಗುಡ್ಡದ ಮೇಲಿನ ಭೂತದ ನಿಜ ಏನೆಂಬುದು ಬೆಂಗಳೂರಿನವರಿಗೂ ಬೀದರಿನವರಿಗೂ ಏಕಕಾಲಕ್ಕೇ ತಿಳಿಯಬೇಕಾಗಿತ್ತು. ಯಾರಿಗೂ ಯಾರಿಗಿಂತ ಮೊದಲೇ ಗೊತ್ತಾಗುವ ದಾರಿ ಇರಲಿಲ್ಲ. ವಿದ್ಯುತ್ತು ಹೋಗಿಯೋ ನೆಂಟರು ಬಂದೋ ಒಂದು ಸಂಚಿಕೆ ತಪ್ಪಿದರೆ ಅದು ತಪ್ಪಿದಂತೆಯೇ. ಮರುದಿನ ನೆರೆಮನೆಯವರು ಅಂಗಳದಲ್ಲಿ ನಿಂತು ಆದದ್ದನ್ನೆಲ್ಲ ವಿವರಿಸಿ ಹೇಳಿದರೆ ಅದು ಉಪಕಾರವೆನಿಸುತ್ತಿತ್ತು. ಅಂದು ಉಪಕಾರವಾಗಿದ್ದ ಅದೇ ಮಾತು ಇಂದು ಅಪರಾಧವಾಗಿದೆ. ಏಕೆಂದರೆ ಈಗ ಒಂದೇ ಮನೆಯಲ್ಲಿ ಒಂದೇ ಕಥೆಯನ್ನು ನಾಲ್ವರು ನಾಲ್ಕು ಹೊತ್ತಿಗೆ ನೋಡುತ್ತಾರೆ. ಒಬ್ಬರು ಬೆಳಗ್ಗೆ ಮೊಬೈಲಿನಲ್ಲಿ, ಒಬ್ಬರು ಸಂಜೆ ಟಿ.ವಿ.ಯಲ್ಲಿ, ಮತ್ತೊಬ್ಬರು ಭಾನುವಾರ ಇಡೀ ವಾರದ್ದನ್ನು ಒಟ್ಟಿಗೆ. ತಿಳಿದವರೂ ತಿಳಿಯದವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುವ ಕಾಲ ಇದು.

ಇನ್ನು ಮಗನ ಪ್ರಶ್ನೆಗೆ ಬರೋಣ.

1987ರ ಜನವರಿ 25ರಂದು ರಮಾನಂದ ಸಾಗರರ 'ರಾಮಾಯಣ' ದೂರದರ್ಶನದಲ್ಲಿ ಆರಂಭವಾಯಿತು. 1988ರ ಜುಲೈ 31ರವರೆಗೆ ಭಾನುವಾರ ಬೆಳಗಿನ ಹೊತ್ತು ಒಟ್ಟು 78 ಸಂಚಿಕೆಗಳು ಪ್ರಸಾರವಾದವು. ಆ ಹೊತ್ತಿನಲ್ಲಿ ಬೀದಿಗಳು ಬರಿದಾಗುತ್ತಿದ್ದುದನ್ನು ನಮ್ಮ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಓಣಿಗೊಂದು ಟಿ.ವಿ. ಇದ್ದ ಕಾಲ. ಟಿ.ವಿ. ಇದ್ದವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಕಿಟಕಿಯ ಸರಳು ಹಿಡಿದು ಹೊರಗೆ ನಿಂತವರೂ ಇರುತ್ತಿದ್ದರು. ಅವರಲ್ಲಿ ಕಥೆ ತಿಳಿಯದವರು ಯಾರಿದ್ದರು? ಸೀತೆಯನ್ನು ಯಾರು ಕದ್ದೊಯ್ಯುವರು, ರಾವಣನ ಗತಿ ಏನಾಗುವುದು ಎಂಬುದು ಹಾಲುಗೂಸು ಬಿಟ್ಟು ಮಿಕ್ಕವರಿಗೆಲ್ಲ ತಿಳಿದೇ ಇತ್ತು. ಆದರೂ ಚಿನ್ನದ ಜಿಂಕೆ ಕಾಣಿಸಿಕೊಂಡಾಗ, "ಹೋಗಬ್ಯಾಡಪ್ಪಾ" ಎಂದು ಟಿ.ವಿ.ಗೆ ಕೂಗಿ ಹೇಳಿದ ಮುದುಕಿಯರನ್ನು ನಾವು ಬಲ್ಲೆವು.

ಅಷ್ಟೇ ಅಲ್ಲ. ಅದು ಹಿಂದೀ ಧಾರಾವಾಹಿ. ನಮ್ಮ ಹಳ್ಳಿಗಳಲ್ಲಿ ಅಂದು ಹಿಂದಿ ತಿಳಿದವರು ವಿರಳ. ನಮ್ಮ ತಾಯಿಯವರಿಗೆ ಇಂದಿಗೂ ಹಿಂದಿ ಬಾರದು. ಆದರೂ ಅವರು ಒಂದು ಸಂಚಿಕೆಯನ್ನೂ ಬಿಡಲಿಲ್ಲ, ಒಂದು ಸನ್ನಿವೇಶದಲ್ಲಿಯೂ ದಾರಿ ತಪ್ಪಲಿಲ್ಲ. ಕೈಕೇಯಿ ಬಾಯಿ ತೆರೆಯುವ ಮೊದಲೇ ಅವಳು ಏನು ಕೇಳಲಿರುವಳೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಮಾತಿನ ಹಂಗಿಲ್ಲದೆ ಅವರು ದಶರಥನ ಮುಖವನ್ನು ನೋಡಬಲ್ಲವರಾಗಿದ್ದರು. ಕಥೆ ಮೊದಲೇ ತಿಳಿದಿದ್ದುದು ಅವರ ಸಂತೋಷವನ್ನು ಕೆಡಿಸುವುದಿರಲಿ, ಅದೇ ಅವರಿಗೆ ದುಭಾಷಿಯ ಕೆಲಸವನ್ನು ಮಾಡಿತು.

ಬಳಿಕ 1988ರ ಅಕ್ಟೋಬರ್ 2ರಂದು ಬಿ. ಆರ್. ಚೋಪ್ರಾ ಅವರ 'ಮಹಾಭಾರತ' ಆರಂಭವಾಗಿ 1990ರ ಜೂನ್ 24ರವರೆಗೆ 94 ಸಂಚಿಕೆಗಳಲ್ಲಿ ನಡೆಯಿತು. ಅಲ್ಲಿ ಕಥೆಯನ್ನು ಹೇಳುವವನು ಕಾಲಪುರುಷ. ಹಿಂದಿನದನ್ನೂ ಮುಂದಿನದನ್ನೂ ಬಲ್ಲವನು. ಮುಂದೆ ಆಗುವುದನ್ನು ಆತನೇ ಬಾಯಿಬಿಟ್ಟು ಸೂಚಿಸುತ್ತಿದ್ದ. ಅದರಿಂದ ನೋಡುವವರು ಕಡಿಮೆಯಾದರೇ? 2020ರಲ್ಲಿ ಕೊರೋನಾ ಕಾರಣದಿಂದ ದೇಶವೆಲ್ಲ ಮನೆಯೊಳಗೆ ಕುಳಿತಾಗ, ಮಾರ್ಚ್ 28ರಿಂದ ದೂರದರ್ಶನವು ಅದೇ 'ರಾಮಾಯಣ'ವನ್ನು ಮರುಪ್ರಸಾರ ಮಾಡಿತು. ಈ ಬಾರಿ ಕಥೆ ಮಾತ್ರವಲ್ಲ, ಒಂದೊಂದು ದೃಶ್ಯವೂ ನೆನಪಿನಲ್ಲಿದ್ದವರೇ ಮತ್ತೊಮ್ಮೆ ಎದುರಿಗೆ ಕುಳಿತರು.

ನಮ್ಮ ಕಾವ್ಯಪರಂಪರೆಯಂತೂ ಈ ಮಾತನ್ನು ಎಂದೋ ಅರಿತಿತ್ತು. ಕುಮಾರವ್ಯಾಸನ ಭಾರತವನ್ನಾಗಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನಾಗಲಿ ತೆರೆದು ನೋಡಿರಿ. ಪ್ರತಿ ಸಂಧಿಯ ಮೊದಲಲ್ಲಿ 'ಸೂಚನೆ' ಎಂಬ ಪದ್ಯವಿದೆ. ಆ ಸಂಧಿಯಲ್ಲಿ ಏನು ನಡೆಯಲಿದೆ ಎಂಬುದರ ಸಾರವನ್ನು ಅದು ಮೊದಲೇ ಹೇಳಿಬಿಡುತ್ತದೆ. ಇಂದಿನವರ ಭಾಷೆಯಲ್ಲಿ ಹೇಳುವುದಾದರೆ ಕಾವ್ಯವೇ ಸಂಧಿಗೊಂದು ಸ್ಪಾಯ್ಲರನ್ನು ಇಟ್ಟುಕೊಂಡಿದೆ. ಗಮಕಿಗಳು ಅದನ್ನು ಹಾಡಿದ ಮೇಲೆ ಸಭಿಕರು ಎದ್ದು ಹೋಗಲಿಲ್ಲ, ಇನ್ನಷ್ಟು ಚೆನ್ನಾಗಿ ಆತು ಕುಳಿತರು. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಸತ್ಯ ಗೆಲ್ಲುವುದೆಂದು ತಿಳಿಯದವರುಂಟೇ? ಆದರೂ ಲೋಹಿತಾಶ್ವನ ಶವದ ಮೇಲೆ ಚಂದ್ರಮತಿ ಬಿದ್ದು ಅಳುವಾಗ ಶತಮಾನಗಳಿಂದಲೂ ಕನ್ನಡ ನಾಡು ಅಳುತ್ತಲೇ ಬಂದಿದೆ. 1965ರಲ್ಲಿ ಡಾ. ರಾಜಕುಮಾರರ 'ಸತ್ಯ ಹರಿಶ್ಚಂದ್ರ' ಬಂದಾಗಲೂ ಅತ್ತಿತು.

ಹಾಗಾದರೆ ಮಗನ ಮಾತೇ ಸರಿಯೇ? ಪೂರ್ತಿ ಸರಿಯಲ್ಲ. ನಮ್ಮ ಪ್ರಾಚೀನ ನಾಟ್ಯಶಾಸ್ತ್ರಕಾರರು ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ರೂಪಕಗಳಲ್ಲಿ 'ನಾಟಕ'ಕ್ಕೆ ಪ್ರಖ್ಯಾತವಾದ, ಎಂದರೆ ಜನರಿಗೆ ಮೊದಲೇ ತಿಳಿದ ಕಥಾವಸ್ತು ಇರಬೇಕು. 'ಪ್ರಕರಣ'ಕ್ಕೆ ಕವಿಯೇ ಕಲ್ಪಿಸಿದ ವಸ್ತು ಇರಬೇಕು. ಶಾಕುಂತಲ ನಾಟಕ, ಮೃಚ್ಛಕಟಿಕ ಪ್ರಕರಣ. ಪ್ರಖ್ಯಾತ ಕಥೆಯ ಎದುರು ಕುಳಿತವನು ಏನಾಗುವುದೆಂದು ಕೇಳುವುದಿಲ್ಲ. ಈ ಸಲ ಅದನ್ನು ಹೇಗೆ ಹೇಳುವರು ಎಂದು ಕೇಳುತ್ತಾನೆ. ಕಲ್ಪಿತ ಕಥೆಯ ಎದುರು ಕುಳಿತವನಿಗೆ ಈ ಎರಡೂ ಪ್ರಶ್ನೆಗಳಿವೆ. ಅದರಲ್ಲಿಯೂ ಮೊದಲನೆಯದೇ ಬಲವಾಗಿದೆ. ಪುರಾಣ ಕೇಳಲು ಹೋಗುವ ನಮ್ಮ ತಾಯಿಯವರು ಮೊದಲನೆಯ ಪ್ರಶ್ನೆಯನ್ನು ಪಾದರಕ್ಷೆಗಳೊಡನೆ ಮಠದ ಹೊರಗೆ ಬಿಟ್ಟು ಹೋಗುತ್ತಾರೆ. ಧಾರಾವಾಹಿಯ ಮುಂದೆ ಕೂಡುವ ಅದೇ ತಾಯಿಯವರು ಆ ಪ್ರಶ್ನೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂಡುತ್ತಾರೆ. ಮಗನು ಕಸಿದುಕೊಂಡದ್ದು ಅದನ್ನು.

ಕಲ್ಪಿತ ಕಥೆಗೆ ಗುಟ್ಟೇ ಬಂಡವಾಳವೆಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಅಮೇರಿಕದ್ದು. ಅಲ್ಲಿ 'ಡಲ್ಲಾಸ್' ಎಂಬ ಧಾರಾವಾಹಿ ನಡೆಯುತ್ತಿತ್ತು. ತೈಲದ ವ್ಯಾಪಾರದ ಒಂದು ಸಿರಿವಂತ ಕುಟುಂಬದ ಕಥೆ. ಅದರ ಖಳನಾಯಕ ಜೆ. ಆರ್. ಎಂಬವನ ಮೇಲೆ ಯಾರೋ ಗುಂಡು ಹಾರಿಸಿದರೆಂಬಲ್ಲಿಗೆ 1980ರ ಮಾರ್ಚ್ 21ರಂದು ಆ ವರ್ಷದ ಕಂತು ಮುಗಿಯಿತು. ಹಾರಿಸಿದವರು ಯಾರು? ಉತ್ತರ ದೊರೆತದ್ದು ನವೆಂಬರ್ 21ರಂದು. ನಡುವೆ ನಟರ ಮುಷ್ಕರವೂ ಸೇರಿ ಎಂಟು ತಿಂಗಳು ಜನ ಕಾದರು. ಜೂಜುಕಟ್ಟೆಗಳಲ್ಲಿ ಪಣ ಕಟ್ಟಿದರು. ಗುಟ್ಟು ಹೊರಬೀಳಬಾರದೆಂದು ತಯಾರಕರು ಬೇರೆ ಬೇರೆ ಪಾತ್ರಗಳು ಗುಂಡು ಹಾರಿಸುವಂತೆ ಹಲವು ದೃಶ್ಯಗಳನ್ನು ಚಿತ್ರಿಸಿಟ್ಟುಕೊಂಡಿದ್ದರು. ನಟರಿಗೇ ನಿಜ ತಿಳಿದಿರಲಿಲ್ಲ. ಆ ರಾತ್ರಿ ಅಮೇರಿಕದಲ್ಲಿ ಸುಮಾರು 8 ಕೋಟಿ 30 ಲಕ್ಷ ಜನ ಅದನ್ನು ನೋಡಿದರೆಂದು ಲೆಕ್ಕ. ಗುಂಡು ಹಾರಿಸಿದವರು ಯಾರೆಂದು ನಾವಿಲ್ಲಿ ಬರೆಯುವುದಿಲ್ಲ. ನಾಲ್ಕು ದಶಕ ಕಳೆದಿದ್ದರೂ ನಮ್ಮ ಓದುಗರಲ್ಲಿ ಯಾರಾದರೂ ಅದನ್ನು ಇನ್ನು ಮುಂದೆ ನೋಡಲಿಕ್ಕಿರಬಹುದು. ಲಂಡನ್ನಿನಲ್ಲಿ 1952ರಿಂದ ಆಡುತ್ತ ಬಂದಿರುವ ಅಗಾಥಾ ಕ್ರಿಸ್ಟಿಯವರ 'ಮೌಸ್‌ಟ್ರ್ಯಾಪ್' ನಾಟಕದ ಕೊನೆಯಲ್ಲಿಯೂ ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳದಿರಿ ಎಂದು ಪ್ರೇಕ್ಷಕರನ್ನು ಬೇಡಿಕೊಳ್ಳುವ ರೂಢಿ ಇದೆ. ನೋಡಿ ಬಂದವರು ನೋಡದವರಿಗೆ ತೋರಬೇಕಾದ ಸೌಜನ್ಯ ಅದು.

ಆದರೆ ಕಲ್ಪಿತ ಕಥೆಯಲ್ಲಿಯೂ ತಿಳಿವಳಿಕೆಯೆಲ್ಲ ಹಾನಿಯೇ ಎಂದು ಹೇಳಲಾಗದು. ಅಮೇರಿಕದ ದೂರದರ್ಶನದಲ್ಲಿಯೇ 'ಕೊಲಂಬೋ' ಎಂಬ ಪತ್ತೇದಾರಿ ಸರಣಿ ಬಹು ಜನಪ್ರಿಯವಾಗಿತ್ತು. 1971ರಲ್ಲಿ ಸರಣಿಯಾಗಿ ಆರಂಭವಾಯಿತು. ಪೀಟರ್ ಫಾಕ್ ಎಂಬ ನಟ, ಸುಕ್ಕುಗಟ್ಟಿದ ಮಳೆಯಂಗಿ ತೊಟ್ಟ ಪೋಲೀಸ್ ಅಧಿಕಾರಿಯ ಪಾತ್ರದಲ್ಲಿದ್ದ. ಸಾಮಾನ್ಯವಾಗಿ ಆರಂಭದಲ್ಲಿಯೇ ಕೊಲೆ ನಡೆಯುವುದನ್ನೂ ಮಾಡಿದವರನ್ನೂ ನಮಗೆ ತೋರಿಸಿಬಿಡುತ್ತಿದ್ದರು. ಆಮೇಲೆ ಉಳಿಯುವ ಕುತೂಹಲ ಒಂದೇ: ಈ ಸಾದಾ ಮನುಷ್ಯ ಆ ಜಾಣ ಕೊಲೆಗಾರನನ್ನು ಹೇಗೆ ಹಿಡಿಯುತ್ತಾನೆ? ಅಷ್ಟೇ ಸಾಕಾಗಿ ಆ ಸರಣಿ ವರ್ಷಗಟ್ಟಲೆ ನಡೆಯಿತು.

ಚಲನಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಇದರ ಮರ್ಮವನ್ನು ಒಂದು ಉದಾಹರಣೆಯಿಂದ ವಿವರಿಸುತ್ತಿದ್ದರು. ಮೇಜಿನ ಸುತ್ತ ಕುಳಿತು ಕೆಲವರು ಏನೋ ಸಾಧಾರಣ ಮಾತನ್ನಾಡುತ್ತಿದ್ದಾರೆ. ಥಟ್ಟನೆ ಮೇಜಿನ ಕೆಳಗಿನ ಬಾಂಬು ಸಿಡಿಯುತ್ತದೆ. ನೋಡುವವರಿಗೆ ಹದಿನೈದು ಸೆಕೆಂಡಿನ ಬೆಚ್ಚು. ಅದರ ಬದಲು, ಬಾಂಬು ಅಲ್ಲಿರುವುದನ್ನೂ ಅದು ಸಿಡಿಯುವ ಹೊತ್ತನ್ನೂ ಪ್ರೇಕ್ಷಕರಿಗೆ ಮೊದಲೇ ತೋರಿಸಿದರೆ ಅದೇ ಸಾಧಾರಣ ಮಾತುಕತೆ ಹದಿನೈದು ನಿಮಿಷ ಉಸಿರು ಬಿಗಿಹಿಡಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವಿದೆ. ಅಪಾಯವಿದೆ ಎಂದು ಮೊದಲೇ ತಿಳಿಸಿದರೆ ಆತಂಕ ಹೆಚ್ಚುತ್ತದೆ. ಅಪಾಯದ ಫಲ ಏನೆಂದು ತಿಳಿಸಿದರೆ ಆತಂಕ ಇಳಿಯುತ್ತದೆ. 'ನಾಳಿನ ಸಂಚಿಕೆಯಲ್ಲಿ' ಎಂದು ನಮ್ಮ ಕನ್ನಡ ವಾಹಿನಿಗಳು ತೋರಿಸುವ ತುಣುಕುಗಳಲ್ಲಿಯೂ ಇದೇ ಜಾಣತನವಿದೆ. ಆಸ್ಪತ್ರೆಯ ಬಾಗಿಲು, ಓಡಿ ಬರುವ ಮಗಳು, ತಲೆ ಅಲ್ಲಾಡಿಸುವ ವೈದ್ಯ, ಇಷ್ಟನ್ನು ತೋರಿಸಿ ನಿಲ್ಲಿಸುತ್ತಾರೆ. ಬಾಂಬು ತೋರಿಸುತ್ತಾರೆ, ಸಿಡಿಯಿತೋ ಇಲ್ಲವೋ ಹೇಳುವುದಿಲ್ಲ. ಆ ತುಣುಕನ್ನು ಕಂಡು ನಮ್ಮ ತಾಯಿಯವರು ಎಂದೂ ಬೇಸರಪಟ್ಟವರಲ್ಲ. ಮೊಮ್ಮಗನ ಮಾತು ಉಳಿದರ್ಧವನ್ನೂ ಹೇಳಿಬಿಟ್ಟಿತು.

ವಿದ್ವಾಂಸರೂ ಈ ವಿಷಯವನ್ನು ಪರೀಕ್ಷೆಗೆ ಒಡ್ಡಿದ್ದಾರೆ. 2011ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಜೊನಾಥನ್ ಲೆವಿಟ್ ಮತ್ತು ನಿಕೋಲಾಸ್ ಕ್ರಿಸ್ಟೆನ್‌ಫೆಲ್ಡ್ ಎಂಬ ಮನೋವಿಜ್ಞಾನಿಗಳು ಹನ್ನೆರಡು ಸಣ್ಣ ಕಥೆಗಳನ್ನು ವಿದ್ಯಾರ್ಥಿಗಳಿಗೆ ಓದಿಸಿದರು. ಕೆಲವರಿಗೆ ಕಥೆಯ ಗುಟ್ಟನ್ನು ಮೊದಲೇ ತಿಳಿಸಿದರು, ಕೆಲವರಿಗೆ ತಿಳಿಸಲಿಲ್ಲ. ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ, ಗುಟ್ಟು ತಿಳಿದು ಓದಿದವರೇ ಕಥೆಗಳನ್ನು ಹೆಚ್ಚು ಮೆಚ್ಚಿಕೊಂಡರು. ಪತ್ತೇದಾರಿ ಕಥೆಗಳೂ ಇದಕ್ಕೆ ಹೊರತಾಗಲಿಲ್ಲ. ಕೊನೆ ತಿಳಿದಿದ್ದರೆ ಕಥೆಯ ನಡಿಗೆ ಮನಸ್ಸಿಗೆ ಸುಲಭವಾಗಿ ಹಿಡಿಯುತ್ತದೆ ಎಂದು ಅವರ ಅಭಿಪ್ರಾಯ. ಆದರೆ 2015ರಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ಎಂಬವರು ನಡೆಸಿದ ಪರೀಕ್ಷೆಯಲ್ಲಿ ಇದಕ್ಕೆ ಎದುರಾದ ಫಲ ಬಂದಿತು. ಗುಟ್ಟು ತಿಳಿಯದೆ ಓದಿದ ಕಥೆಗಳೇ ಹೆಚ್ಚು ರಂಜಿಸಿದವು, ಹೆಚ್ಚು ಮನಮುಟ್ಟಿದವು.

ಪಂಡಿತರೇ ಹೀಗೆ ಎರಡಾದರೆ ನಮ್ಮಂಥವರು ಏನು ಹೇಳಬೇಕು? ನಮಗೆ ತೋರುವುದಿಷ್ಟು. ಈ ಪರೀಕ್ಷೆಗಳೆಲ್ಲ ಒಂದೇ ಬೈಠಕಿನಲ್ಲಿ ಓದಿ ಮುಗಿಸುವ ಸಣ್ಣ ಕಥೆಗಳನ್ನು ಕುರಿತವು. ಧಾರಾವಾಹಿಯ ಜಾತಿಯೇ ಬೇರೆ. ಅದರ ಕಥೆ ತೆರೆಯ ಮೇಲೆ ಅರ್ಧ ಗಂಟೆ ಮಾತ್ರ ನಡೆಯುತ್ತದೆ, ಮಿಕ್ಕ ಇಪ್ಪತ್ತಮೂರೂವರೆ ಗಂಟೆ ನೋಡುವವರ ಮನಸ್ಸಿನಲ್ಲಿ ನಡೆಯುತ್ತದೆ. ಹೂವಿನವಳ ಸಂಗಡದ ಮಾತು, ಕಟ್ಟೆಯ ಮೇಲಿನ ವಾದ, ರಾತ್ರಿ ನಿದ್ದೆ ಬರುವ ಮುಂಚಿನ ಊಹೆ, ಇವೆಲ್ಲವೂ ಧಾರಾವಾಹಿಯ ಭಾಗವೇ. ಕೊನೆ ತಿಳಿದವನಿಗೆ ಆ ಅರ್ಧ ಗಂಟೆ ಹಾಗೆಯೇ ಉಳಿಯಬಹುದು, ಇನ್ನೂ ಸೊಗಸಾಗಿಯೂ ಕಾಣಬಹುದು. ಹೋಗುವುದು ಆ ಇಪ್ಪತ್ತಮೂರೂವರೆ ಗಂಟೆ.

ಎಲ್ಲರ ಮನಸ್ಸೂ ಒಂದೇ ಬಗೆಯದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಚಿಗವ್ವ, ಎಂದರೆ ತಾಯಿಯವರ ತಂಗಿ, ವಿಜಾಪುರದ ಕಡೆಯವರು. ಹೃದಯದ ಶಸ್ತ್ರಚಿಕಿತ್ಸೆ ಆದವರು. ಅವರು ನಮ್ಮ ಮನೆಗೆ ಬಂದಾಗ ಧಾರಾವಾಹಿಯಲ್ಲಿ ಮಗುವಿಗೆ ಕಾಯಿಲೆಯ ಪ್ರಸಂಗ ಬಂದರೆ ಸಾಕು, "ಕೂಸು ಉಳೀತೈತೋ ಇಲ್ಲೋ, ಅದಷ್ಟು ಹೇಳ್ರಿ. ಆಮ್ಯಾಲೆ ನೋಡ್ತೀನಿ" ಎಂದು ಹಟ ಹಿಡಿಯುತ್ತಾರೆ. ಉಳಿಯುವುದೆಂದು ಹೇಳಿದರೆ ನಿಶ್ಚಿಂತೆಯಿಂದ ಕುಳಿತು ಕೊನೆಯವರೆಗೂ ನೋಡುತ್ತಾರೆ. ಅವರಿಗೆ ಸ್ಪಾಯ್ಲರ್ ಎಂಬುದು ಹಳ್ಳ ದಾಟುವಾಗ ಹಿಡಿದುಕೊಳ್ಳುವ ಕೈಯಿದ್ದಂತೆ. ಆ ಕೈ ಇಲ್ಲದಿದ್ದರೆ ಅವರು ಹಳ್ಳಕ್ಕೆ ಇಳಿಯುವುದೇ ಇಲ್ಲ. ಮನೆಯ ಚಿಕ್ಕ ಮಕ್ಕಳದು ಇನ್ನೊಂದು ಬಗೆ. ಕೇಳಿದ ಕಥೆಯನ್ನೇ ನೂರು ಸಲ ಕೇಳುತ್ತಾರೆ, ನೋಡಿದ ಕಾರ್ಟೂನನ್ನೇ ಮತ್ತೆ ನೋಡುತ್ತಾರೆ. ಒಂದು ಮಾತು ಆಚೆ ಈಚೆ ಮಾಡಿದರೆ ನಮ್ಮನ್ನು ತಿದ್ದುತ್ತಾರೆ. ಮುಂದೆ ಏನೆಂದು ತಿಳಿದಿರುವುದೇ ಅವರಿಗೆ ಧೈರ್ಯ.

ಆದ್ದರಿಂದ ಕಥೆಯ ಕೊನೆಯನ್ನು ಹೇಳುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲು ಬಾರದು. ತಾಯಿಯವರು ಅಂದು ಸಂಜೆ ಆಡಿದ ಒಂದೇ ಮಾತಿನಲ್ಲಿ ಇದರ ನ್ಯಾಯ ಅಡಗಿದೆ: "ನಾ ಕೇಳಿದ್ನೇನೋ ತಮ್ಮಾ?" ಕೇಳಿದವರಿಗೆ ಹೇಳುವುದು ಧರ್ಮ, ಕೇಳದವರಿಗೆ ಹೇಳದಿರುವುದೂ ಧರ್ಮ. ಒಮ್ಮೆ ತಿಳಿದದ್ದನ್ನು ಯಾರೂ ಮರಳಿ ತಿಳಿಯದಂತಾಗಲಾರರು. ಮೊದಲ ಬಾರಿ ನೋಡುವ ಅನುಭವ ಒಬ್ಬೊಬ್ಬರಿಗೆ ಒಂದೊಂದು ಕಥೆಗೆ ಒಂದೇ ಸಲ ದೊರೆಯುವಂಥದು. ಎರಡನೆಯ ಸಲ ನೋಡುವ ಸುಖವನ್ನು ಯಾರು ಯಾವಾಗ ಬೇಕಾದರೂ ಪಡೆಯಬಹುದು. ನಮ್ಮ ಮನೆಗಳ ತರುಣರು ಇಷ್ಟನ್ನು ಲಕ್ಷ್ಯದಲ್ಲಿಟ್ಟರೆ ಸಾಕು. ಹಿರಿಯರಿಗೂ ಒಂದು ಮಾತು. ಮಕ್ಕಳು ಪರೀಕ್ಷೆ ಮುಗಿಯಲೆಂದು ಕ್ರಿಕೆಟ್ ಪಂದ್ಯವನ್ನೋ ಚಲನಚಿತ್ರವನ್ನೋ ನೋಡದೆ ಕಾದಿಟ್ಟುಕೊಂಡಿರುತ್ತಾರೆ. ಊಟಕ್ಕೆ ಕುಳಿತಾಗ, "ಅದರಾಗೇನೈತಿ, ಕಡೀಗೆ ಹಿಂಗಾತು" ಎಂದು ನಾವೂ ಎಷ್ಟೋ ಸಲ ಹೇಳಿಬಿಟ್ಟಿದ್ದೇವೆ. ಮಕ್ಕಳ ಕಾಯುವಿಕೆಯೂ ಕಾಯುವಿಕೆಯೇ.

ಇನ್ನು ಪ್ರಸಂಗದ ಉಳಿದ ಭಾಗ.

ಮರುದಿನ ಸಂಜೆ ಏಳೂವರೆಗೆ ತಾಯಿಯವರು ಬರುವರೋ ಇಲ್ಲವೋ ಎಂದು ನಾವು ನೋಡುತ್ತಿದ್ದೆವು. ಬಂದರು. ಮಗನೂ ಬಂದು ಮೊಬೈಲನ್ನು ಅಟ್ಟದ ಮೇಲಿಟ್ಟು ಅವರ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಮಾಸ್ತರರು ತೀರಿಕೊಳ್ಳುವ ಸಂಚಿಕೆ. ಸಾಯುವ ಪ್ರಸಂಗಕ್ಕೆ ಇನ್ನೂ ಬಹಳ ಮೊದಲೇ, ಮಾಸ್ತರರು ಎಂದಿನಂತೆ ಗೋಡೆಯ ಗಡಿಯಾರಕ್ಕೆ ಚಾವಿ ಕೊಟ್ಟು, ಆ ಚಾವಿಯನ್ನು ತಮ್ಮ ಕಿಸೆಗೆ ಹಾಕಿಕೊಳ್ಳದೆ ಮೊಮ್ಮಗಳ ಕೈಯಲ್ಲಿಟ್ಟು ಒಳಗೆ ನಡೆದರು. ಒಂದು ಮಾತೂ ಇಲ್ಲದ ದೃಶ್ಯ. ತಾಯಿಯವರು ಮೆಲ್ಲನೆ, "ನೋಡಿಲ್ಲಿ, ಇವತ್ತ ಚಾವಿ ತಾ ಇಟ್ಕೊಳ್ಳಿಲ್ಲ" ಎಂದರು. ಮಗ ಬೆರಗಾದ. ಅದೇ ಸಂಚಿಕೆಯನ್ನು ಅವನು ಮೊಬೈಲಿನಲ್ಲಿ ವೇಗ ಹೆಚ್ಚಿಸಿಕೊಂಡು ನೋಡಿದ್ದ. ಚಾವಿ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಸಂಚಿಕೆ ಮುಗಿದ ಮೇಲೆ ಅವನು ಸ್ವಲ್ಪ ಅಳುಕುತ್ತಲೇ, "ಹಂಗಾರ ನಾ ಮೊದಲ ಹೇಳಿದ್ದು ಚಲೋನ ಆತಲ್ಲ ಆಯಿ? ಗೊತ್ತಿದ್ದದ್ದಕ್ಕ ಚಾವಿ ನಿನಗ ಕಾಣ್ತು" ಎಂದ.

ತಾಯಿಯವರು ಅವನ ತಲೆಯ ಮೇಲೆ ಕೈಯಿಟ್ಟು, "ಕಂಡಿದ್ದು ಖರೇ. ಆದ್ರ ನಿನ್ನಿ ರಾತ್ರಿ ನನಗ ಕಾಯಾಕ ಏನೂ ಇರಲಿಲ್ಲ" ಎಂದರು.

ಆ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ. ವಯಸ್ಸಾದವರ ಮನೆಯಲ್ಲಿ ನಾಳೆಗಾಗಿ ಕಾಯುವಂಥ ಸಂಗತಿಗಳು ಎಷ್ಟಿರುತ್ತವೆ ಎಂಬುದನ್ನು ನಾವು ಅಂದಿನವರೆಗೆ ಎಣಿಸಿ ನೋಡಿರಲಿಲ್ಲ.

ಈಗ ಮಗ ಆ ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡುವುದನ್ನು ಬಿಟ್ಟಿದ್ದಾನೆ. ಕಾಲೇಜಿನಿಂದ ಬೇಗ ಬಂದ ದಿನ ಆಯಿಯ ಪಕ್ಕದಲ್ಲಿಯೇ ಕೂಡುತ್ತಾನೆ. ಕಥೆ ಯಾವುದೋ ತಿರುವಿನಲ್ಲಿ ನಿಂತು ತೆರೆಯ ಮೇಲೆ ಹೆಸರುಗಳು ಬರತೊಡಗಿದಾಗ ತಾಯಿಯವರು ಅವನ ಮುಖವನ್ನು ಸಂಶಯದಿಂದ ನೋಡಿ, "ನಿನಗ ಗೊತ್ತೈತೇನೋ?" ಎಂದು ಕೇಳುತ್ತಾರೆ.

"ಇಲ್ಲ ಆಯಿ, ಖರೇನ ಗೊತ್ತಿಲ್ಲ" ಎನ್ನುತ್ತಾನೆ ಅವನು. ಬಳಿಕ ಇಬ್ಬರೂ ಕೂಡಿ ನಾಳೆ ಏನಾಗಬಹುದೆಂದು ವಾದಕ್ಕೆ ತೊಡಗುತ್ತಾರೆ. ಊಟಕ್ಕೆ ಕರೆದರೂ ಏಳುವುದಿಲ್ಲ.